ಯಾವ ಗೋಡೆಗೆ ಪರವಾನಗಿ ಬೇಕು?



ಮನೆ ಕಟ್ಟಲು ಹೊರಟವರು ನಮ್ಮಲ್ಲಿ ಮೊದಲು ಆಯ ಕೇಳುತ್ತಾರೆ, ಆಮೇಲೆ ವಾಸ್ತು, ಆಮೇಲೆ ಸಿಮೆಂಟು-ಕಂಬಿಯ ದರ. ಪರವಾನಗಿಯ ಮಾತು ಬರುವುದು ಬ್ಯಾಂಕಿನವರು ಸಾಲಕ್ಕೆ ಕಾಗದ ಕೇಳಿದಾಗ. ಅದರಲ್ಲೂ ಹೊಸ ಮನೆಯಾದರೆ ಅಷ್ಟಾದರೂ ಕೇಳುತ್ತಾರೆ. ಇದ್ದ ಮನೆಗೇ ಒಂದು ಕೋಣೆ ಸೇರಿಸುವುದು, ನಡುವಿನ ಗೋಡೆ ಕೆಡವಿ ಹಾಲ್ ದೊಡ್ಡದು ಮಾಡುವುದು, ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸುವುದು ಇವಕ್ಕೆಲ್ಲ ಯಾರನ್ನೂ ಕೇಳಬೇಕಿಲ್ಲ ಎಂಬುದು ಊರಿನ ಸಾಮಾನ್ಯ ನಂಬಿಕೆ. ನಮ್ಮ ಮನೆ, ನಮ್ಮ ದುಡ್ಡು, ನಡುವೆ ಕಚೇರಿ ಯಾಕೆ ಎಂಬ ಪ್ರಶ್ನೆಗೆ ನಾವು ಎಂಜಿನಿಯರುಗಳು ಕೂಡ ನೇರ ಉತ್ತರ ಕೊಟ್ಟವರಲ್ಲ. ಎರಡು ದಿನದ ಈ ಗೋಷ್ಠಿ ಆ ಪ್ರಶ್ನೆಯನ್ನೇ ಹಿಡಿದು ಕೂರಬೇಕು ಎಂಬುದು ನನ್ನ ಆಶಯ.

ಹೊಸ ಕಟ್ಟಡದ ಮಟ್ಟಿಗೆ ಕಾನೂನು ಸ್ಪಷ್ಟವಾಗಿದೆ. ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆಯ 299ನೇ ಕಲಂ, ನಗರಸಭೆ-ಪುರಸಭೆಗಳಲ್ಲಿ 1964ರ ಪೌರಸಭೆಗಳ ಕಾಯ್ದೆಯ 187ನೇ ಕಲಂ, ಹಳ್ಳಿಗಳಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ. ಬೆಂಗಳೂರಿಗೆ ಈಗ ಅದರದೇ ಪ್ರತ್ಯೇಕ ಕಾಯ್ದೆ ಇದೆ. ಹಳ್ಳಿಯಲ್ಲಿ ಮನೆ ಕಟ್ಟಲು ಪರವಾನಗಿಯೇ ಬೇಡ ಎನ್ನುವವರು ಇವತ್ತಿಗೂ ಸಿಗುತ್ತಾರೆ, ಅದು ತಪ್ಪು. ಹೊಲದಲ್ಲಿ ಕಟ್ಟುವುದಾದರೆ ಅದಕ್ಕೂ ಮೊದಲು ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆಯ ಮೆಟ್ಟಿಲು ಹತ್ತಬೇಕು. ಇಷ್ಟು ಹೇಳಿ ಹೊಸ ಮನೆಯನ್ನು ಪಕ್ಕಕ್ಕಿಡುತ್ತೇನೆ. ಅದರ ಬಗ್ಗೆ ಮಾತಾಡಲು ಇಲ್ಲಿ ನನಗಿಂತ ಬಲ್ಲವರಿದ್ದಾರೆ.

ತೊಡಕಿರುವುದು ಹಳೆ ಮನೆಯಲ್ಲಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಎರಡನೇ ಭಾಗದಲ್ಲಿ ಪರವಾನಗಿ ಬೇಡದ ಕೆಲಸಗಳ ಒಂದು ಪಟ್ಟಿ ಇದೆ. ಬಾಗಿಲು, ಕಿಟಕಿ, ಗವಾಕ್ಷಿ ತೆರೆಯುವುದು, ಮುಚ್ಚುವುದು, ಕೋಣೆಯಿಂದ ಕೋಣೆಗೆ ಬಾಗಿಲಿಡುವುದು, ಪಾರ್ಟಿಷನ್, ಫಾಲ್ಸ್ ಸೀಲಿಂಗ್, ತೋಟಗಾರಿಕೆ, ಸುಣ್ಣ-ಬಣ್ಣ, ಹೆಂಚು ಬದಲಿಸುವುದು, ಮೇಲ್ಛಾವಣಿ ಹೊಸದು ಮಾಡುವುದು, ಗಾರೆ, ತೇಪೆ, ನೆಲಹಾಸು ಬದಲಾವಣೆ, ಸ್ವಂತ ಜಾಗದ ಮೇಲೆ ಸಜ್ಜಾ. ಸಂಹಿತೆ ತಾನಾಗಿಯೇ ಕಾನೂನಲ್ಲ. ಸ್ಥಳೀಯ ಸಂಸ್ಥೆಯ ಕಟ್ಟಡ ಉಪವಿಧಿ ಒಪ್ಪಿಕೊಂಡಷ್ಟಕ್ಕೆ ಮಾತ್ರ ಅದಕ್ಕೆ ಬಲ. ಆದರೂ ನಮ್ಮ ಬಹುತೇಕ ಉಪವಿಧಿಗಳ ವಿನಾಯಿತಿ ಪಟ್ಟಿ ಇದರ ದಾಯಾದಿಯೇ. ಗುತ್ತಿಗೆದಾರರಿಗೆ ಈ ಪಟ್ಟಿ ಬಾಯಿಪಾಠ. ಪಟ್ಟಿಯ ತಲೆಯ ಮೇಲಿರುವ ಷರತ್ತು ಮಾತ್ರ ಯಾರಿಗೂ ನೆನಪಿಲ್ಲ: ಈ ಬದಲಾವಣೆಗಳು ಕಟ್ಟಡದ ಭದ್ರತೆ, ಬೆಂಕಿ ಮತ್ತು ಆರೋಗ್ಯದ ಸುರಕ್ಷತೆಯ ನಿಯಮಗಳನ್ನು ಮೀರದಂತಿದ್ದರೆ ಮಾತ್ರ ವಿನಾಯಿತಿ.

ಆ ಷರತ್ತನ್ನು ಹಿಡಿದು ನಮ್ಮ ಸೀಮೆಯ ಒಂದು ಕೆಲಸ ನೋಡೋಣ. ಧಾರವಾಡ, ಗದಗ, ಬಾಗಲಕೋಟೆಗಳ ಹಳೆ ಓಣಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಇವೆ. ಮಳೆಗಾಲ ಬಂತೆಂದರೆ ಸೋರುತ್ತವೆ, ವರ್ಷವೂ ಹೊಸ ಮಣ್ಣು ಹಾಕಿ ಬಡಿಯುವ ಆಳುಗಳು ಸಿಗುವುದಿಲ್ಲ. ಹಾಗಾಗಿ ಮಾಳಿಗೆ ಇಳಿಸಿ ಆರ್‌ಸಿಸಿ ಸ್ಲ್ಯಾಬ್ ಹಾಕಿಸುತ್ತಾರೆ. ಇದು ಪಟ್ಟಿಯಲ್ಲಿರುವ 'ಮೇಲ್ಛಾವಣಿ ಹೊಸದು ಮಾಡುವುದು' ತಾನೇ? ಭಾರದ ಲೆಕ್ಕವೂ ಮೇಲ್ನೋಟಕ್ಕೆ ಅನುಕೂಲವಾಗಿಯೇ ಇದೆ. ಒಂದು ಅಡಿ ದಪ್ಪದ ಮಣ್ಣಿನ ಮಾಳಿಗೆ ಚದರ ಮೀಟರಿಗೆ ಸುಮಾರು 500 ಕಿಲೊ ತೂಗಿದರೆ ಐದಿಂಚಿನ ಸ್ಲ್ಯಾಬ್ ತೂಗುವುದು 310ರ ಆಸುಪಾಸು. ಭಾರ ಕಮ್ಮಿಯಾಯಿತಲ್ಲ ಎನ್ನುತ್ತಾರೆ.

ಭಾರ ಕಮ್ಮಿಯಾಗಿದ್ದು ನಿಜ, ಅದನ್ನು ಹೊರುವವರು ಬದಲಾದರು. ಇಂಥ ಹಲವು ಮನೆಗಳಲ್ಲಿ ಮಾಳಿಗೆ ನಿಂತಿರುವುದು ಗೋಡೆಯ ಮೇಲಲ್ಲ. ಗೋಡೆಗೆ ಅಂಟಿ ನಿಂತ ಕಟ್ಟಿಗೆಯ ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಭಾರ ಇಳಿಯುವ ದಾರಿ ಅದು. ಮಣ್ಣು-ಕಲ್ಲಿನ ಗೋಡೆ ಬರೀ ಮರೆ. ಸ್ಲ್ಯಾಬ್ ಹಾಕುವಾಗ ಕಂಬ-ತೊಲೆ ಮಾರಿಬಿಡುತ್ತಾರೆ, ಸಾಗವಾನಿಗೆ ಒಳ್ಳೆಯ ಬೆಲೆ ಬರುತ್ತದೆ. ನೂರು ವರ್ಷ ಏನನ್ನೂ ಹೊರದೆ ನಿಂತಿದ್ದ ಗೋಡೆಯ ಮೇಲೆ ಒಂದೇ ದಿನದಲ್ಲಿ ಇಡೀ ಛಾವಣಿ ಕೂರುತ್ತದೆ. ಆ ಗೋಡೆ ಎಷ್ಟೋ ಸಲ ಪಕ್ಕದ ಮನೆಗೂ ಸೇರಿದ ಸಾಮಾಯಿಕ ಗೋಡೆ. ಮೂರು ವರ್ಷದ ಮೇಲೆ ಮಗನ ಮದುವೆ ಗೊತ್ತಾಗುತ್ತದೆ, ಸ್ಲ್ಯಾಬ್ ಇದೆಯಲ್ಲ ಎಂದು ಮೇಲೊಂದು ಮಹಡಿ ಏಳುತ್ತದೆ. ಇಷ್ಟಕ್ಕೂ ಒಂದು ಕಾಗದದ ಮೇಲೂ ಯಾರ ಸಹಿಯೂ ಬಿದ್ದಿರುವುದಿಲ್ಲ.

ತೋಟಗಾರಿಕೆ ಎಂಬ ಸಾಧು ಶಬ್ದವೂ ಪಟ್ಟಿಯಲ್ಲಿದೆ. ಅದು ಅಂಗಳದ ತೋಟಕ್ಕೆ ಹೇಳಿದ್ದು. ಈಗ ತೋಟ ತಾರಸಿಗೆ ಹತ್ತಿದೆ. ಜನ ಓಡಾಡುವ ತಾರಸಿಯನ್ನು ನಮ್ಮ ಮಾನಕ ಐಎಸ್ 875 ಪ್ರಕಾರ ವಿನ್ಯಾಸ ಮಾಡುವುದು ಚದರ ಮೀಟರಿಗೆ ಸುಮಾರು 150 ಕಿಲೊ ಚಲಭಾರಕ್ಕೆ. ಅದರ ಮೇಲೆ ಒಂದಡಿ ಆಳ ಮಣ್ಣು ತುಂಬಿ ನೀರುಣಿಸಿದರೆ 500 ಕಿಲೊ ದಾಟುತ್ತದೆ. ಕುಂಡಗಳಲ್ಲಿ ಬೆಳೆಸುವವರ ಮೇಲೆ ನನ್ನ ತಕರಾರಿಲ್ಲ. ಇಟ್ಟಿಗೆ ಕಟ್ಟೆ ಕಟ್ಟಿ ತುದಿಯಿಂದ ತುದಿಗೆ ಮಣ್ಣು ಹರಡುವವರಿಗೆ ಈ ಮಾತು. ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕನ್ನು ಹಳೆ ಮದ್ರಾಸ್ ತಾರಸಿಯ ನಟ್ಟನಡುವೆ ಇಡುವವರಿಗೂ ಇದು ಅನ್ವಯ. ಅದು ನೀರು ತುಂಬಿದಾಗ ಒಂದು ಟನ್.

ಕಿಟಕಿಯ ಕಥೆ ಬೇರೆ. ಅಲ್ಲಿ ಭಾರದ ಪ್ರಶ್ನೆ ಸಣ್ಣದು, ನೆರೆಯವರ ಪ್ರಶ್ನೆ ದೊಡ್ಡದು. ನಿಮ್ಮ ಜಾಗಕ್ಕೇ ತೆರೆಯುವ ಕಿಟಕಿಗೆ ಯಾರೂ ತಡೆ ಹಾಕುವುದಿಲ್ಲ. ಪಕ್ಕದವರ ಅಂಗಳಕ್ಕೆ ತೆರೆದರೆ ಜಗಳ ಖಚಿತ, ಅದಕ್ಕೆ ಕಾರಣವೂ ಇದೆ: ಇಪ್ಪತ್ತು ವರ್ಷ ತಡೆಯಿಲ್ಲದೆ ಗಾಳಿ-ಬೆಳಕು ಅನುಭವಿಸಿದರೆ ಅದೊಂದು ಹಕ್ಕಾಗಿ ಬೆಳೆಯಬಹುದು, ಆಮೇಲೆ ಪಕ್ಕದವರು ತಮ್ಮ ಜಾಗದಲ್ಲಿ ಗೋಡೆ ಎಬ್ಬಿಸುವುದಕ್ಕೂ ಕೋರ್ಟು ಮಧ್ಯೆ ಬರುತ್ತದೆ. ಆದ್ದರಿಂದ ಕಿಟಕಿಯಿಡುವ ಮುಂಚೆ ಪಕ್ಕದ ಮನೆಯ ಯಜಮಾನರನ್ನು ಮಾತಾಡಿಸುವುದು ಯಾವ ಕಾಯ್ದೆಯಲ್ಲೂ ಇಲ್ಲದಿದ್ದರೂ ಒಳ್ಳೆಯ ರೂಢಿ.

ಈ ಉದಾಹರಣೆಗಳಿಂದ ನನಗೆ ಹೊರಡುವ ಮಾತು ಇದು. ಪರವಾನಗಿ ಬೇಕೋ ಬೇಡವೋ ಎಂಬುದನ್ನು ಕೆಲಸದ ಖರ್ಚಿನಿಂದ ಅಳೆಯಬಾರದು, ಗಾತ್ರದಿಂದಲೂ ಅಳೆಯಬಾರದು. ಹತ್ತು ಲಕ್ಷದ ಇಟಾಲಿಯನ್ ಮಾರ್ಬಲ್ ಹಾಸಲು ಪರವಾನಗಿ ಬೇಡ. ಹತ್ತು ಸಾವಿರ ಕೂಲಿಯಲ್ಲಿ ಭಾರ ಹೊತ್ತ ಒಂಬತ್ತಿಂಚಿನ ಒಂದು ಗೋಡೆ ಕೆಡವಲು ಬೇಕು. ಭಾರ ನೆಲಕ್ಕೆ ಇಳಿಯುವ ದಾರಿ ಬದಲಾಗುತ್ತದೆಯೇ, ಕಟ್ಟಡದ ಹೊರಗೆರೆ ಅಥವಾ ಎತ್ತರ ಬದಲಾಗುತ್ತದೆಯೇ, ಬಳಕೆ ಬದಲಾಗುತ್ತದೆಯೇ — ಮನೆ ಅಂಗಡಿಯಾಗುವುದು, ಪಿಜಿ ಆಗುವುದು — ಅಥವಾ ಪಕ್ಕದವರ, ಬೀದಿಯವರ ಪಾಲಿನ ಗಾಳಿ, ದಾರಿ, ಚರಂಡಿಗೆ ಕೈ ಹೋಗುತ್ತದೆಯೇ? ಇದರಲ್ಲಿ ಯಾವುದಕ್ಕೆ ಹೌದು ಎಂದರೂ ಕಚೇರಿಗೆ ಹೋಗಬೇಕು. ಮನೆಯ ಮಾಲೀಕನಲ್ಲದವನ ಹಿತಕ್ಕೆ ಇಡೀ ಕೆಲಸದಲ್ಲಿ ಒಂದು ಕುರ್ಚಿ ಸಿಗುವುದು ಪರವಾನಗಿಯ ಹೊತ್ತಿನಲ್ಲಿ ಮಾತ್ರ.

ಕೆಲವು ಊರುಗಳಲ್ಲಿ ಸುಣ್ಣ-ಬಣ್ಣ ದಾಟಿದ ಯಾವ ದುರಸ್ತಿಯಾದರೂ ಬೇರೆ ಲೆಕ್ಕಕ್ಕೆ ಬರುತ್ತದೆ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಹೊಸದಾಗಿ ಮನೆ ಕಟ್ಟುವಂತಿಲ್ಲ, ಇರುವ ಮನೆಯ ದುರಸ್ತಿಗೂ ಅನುಮತಿ ತರಬೇಕು. ಬಾದಾಮಿ, ಐಹೊಳೆ, ಲಕ್ಕುಂಡಿ, ವಿಜಯಪುರ, ಶ್ರೀರಂಗಪಟ್ಟಣಗಳಲ್ಲಿ ಗುಡಿಯ ಗೋಡೆಗೂ ಮನೆಯ ಹಿತ್ತಲಿಗೂ ಹೆಚ್ಚು ಅಂತರವಿಲ್ಲ. ಅಲ್ಲಿನ ಸಾಮಾನ್ಯ ಕುಟುಂಬವೊಂದು ಬಿದ್ದ ಗೋಡೆ ಎತ್ತಲು ಸ್ಥಳೀಯ ಸಂಸ್ಥೆಯಿಂದ ಪುರಾತತ್ವ ಇಲಾಖೆಗೆ, ಅಲ್ಲಿಂದ ಮತ್ತೆ ಸ್ಥಳೀಯ ಸಂಸ್ಥೆಗೆ ಅಲೆಯಬೇಕು. ಸ್ಮಾರಕ ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅದರ ಖರ್ಚನ್ನೆಲ್ಲ ಆ ಓಣಿಯ ಬಡವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಕರಾವಳಿಯ ಮೀನುಗಾರರ ಮನೆಗಳಿಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇಂಥದೇ ಇನ್ನೊಂದು ಬೇಲಿ. ಅದರ ಮೇಲೆ ನಾಳೆ ಪ್ರತ್ಯೇಕ ಚರ್ಚೆ ನಡೆದರೆ ಚೆನ್ನ.

ಇನ್ನು ನಮ್ಮ ಮೇಜಿನ ಮೇಲಿನ ಸಂಗತಿ. ಈ ಸಭೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಮೈಕಿನ ಮುಂದೆ ಹೇಳದ ಮಾತು: ಒಂದೇ ಮನೆಗೆ ಎರಡು ನಕ್ಷೆ. ಒಂದು ಸ್ಯಾಂಕ್ಷನ್ ಪ್ಲಾನ್, ಇನ್ನೊಂದು ವರ್ಕಿಂಗ್ ಪ್ಲಾನ್. ಬೆಂಗಳೂರಿನ 2015ರ ಮಹಾಯೋಜನೆಯನ್ನೇ ತೆಗೆದುಕೊಳ್ಳಿ. ಸಣ್ಣ ರಸ್ತೆಯ ಮೂವತ್ತು-ನಲವತ್ತು ನಿವೇಶನಕ್ಕೆ ಅದು ಕೊಟ್ಟಿದ್ದು ಶೇಕಡ 75 ನೆಲವ್ಯಾಪ್ತಿ, 1.75 ಎಫ್‌ಎಆರ್. ಅಂದರೆ 1,200 ಚದರ ಅಡಿಯ ಜಾಗದಲ್ಲಿ ನೆಲಕ್ಕೆ 900, ಎಲ್ಲ ಮಹಡಿ ಕೂಡಿ 2,100 ಚದರ ಅಡಿ. ಬೀದಿಯಲ್ಲಿ ನಿಂತು ನೋಡಿದರೆ ಕಾಣುವುದು ನಾಲ್ಕು ಮಹಡಿ, ಮೇಲೊಂದು ಪೆಂಟ್‌ಹೌಸ್, ಸೆಟ್‌ಬ್ಯಾಕ್ ಇರಬೇಕಾದಲ್ಲಿ ಮೆಟ್ಟಿಲು. ಕಟ್ಟುತ್ತಾ ಹೋದಂತೆ ಹೀಗಾಯಿತು ಎನ್ನುವುದು ಸುಳ್ಳು. ಮೊದಲ ದಿನವೇ ಎರಡನೇ ನಕ್ಷೆ ಬರೆದವರು ನಾವು. ಪಾಯದ ಲೆಕ್ಕ ಯಾವ ನಕ್ಷೆಗೆ ಮಾಡಿದ್ದೆಂದು ಕೇಳಿದರೆ ಉತ್ತರಿಸಲು ತಡವರಿಸುವವರೂ ನಾವೇ.

ಇದಕ್ಕೆ ಮಾಲೀಕನ ಆಸೆಯೊಂದೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ಪೂರ್ಣ ಮಾನ್ಯತೆಯಿಲ್ಲದ ಬಿ-ಖಾತಾ ಜಾಗಕ್ಕೆ ಬಹುಕಾಲ ನಕ್ಷೆ ಮಂಜೂರಾಗುತ್ತಲೇ ಇರಲಿಲ್ಲ. ಜೀವಮಾನದ ಉಳಿತಾಯ ಹಾಕಿ ನಿವೇಶನ ಕೊಂಡವನು ಪರವಾನಗಿ ಕೇಳಲು ಹೋದರೆ ಬಾಗಿಲೇ ಇಲ್ಲ. ಕೇಳಿದರೂ ಸಿಗದ ಕಡೆ ಕೇಳದೇ ಕಟ್ಟುವುದನ್ನು ಜನ ಕಲಿತರು. ಮೇಲೆ ದಂಡ ಕಟ್ಟಿ ಅಕ್ರಮ ಕಟ್ಟಡವನ್ನು ಸಕ್ರಮ ಮಾಡಿಸಿಕೊಳ್ಳುವ ಅಕ್ರಮ-ಸಕ್ರಮ ಯೋಜನೆಯ ಆಸೆ. ಆ ಯೋಜನೆಯನ್ನು ಹೈಕೋರ್ಟ್ 2016ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು, ಮರುತಿಂಗಳು ಸುಪ್ರೀಂ ಕೋರ್ಟ್ ತಡೆಯಿತು. ಇವತ್ತಲ್ಲ ನಾಳೆ ಸಕ್ರಮವಾಗುತ್ತದೆ ಎಂಬ ನಿರೀಕ್ಷೆ ಮಾತ್ರ ಯಾವ ತಡೆಯಾಜ್ಞೆಗೂ ಬಗ್ಗಲಿಲ್ಲ.

ಈಗ ಗಾಳಿ ಬದಲಾಗಿದೆ. ಮೀರತ್ತಿನ ಒಂದು ಪ್ರಕರಣದಲ್ಲಿ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇಡೀ ದೇಶಕ್ಕೆ ನಿರ್ದೇಶನ ಹೊರಡಿಸಿತು: ಮಂಜೂರಾದ ನಕ್ಷೆಯನ್ನು ಕಟ್ಟುವ ಜಾಗದಲ್ಲೇ ತೂಗುಹಾಕಬೇಕು, ಓಸಿ, ಅಂದರೆ ಸ್ವಾಧೀನಾನುಭವ ಪ್ರಮಾಣಪತ್ರ, ನೋಡದೆ ವಿದ್ಯುತ್ತು, ನೀರು, ಒಳಚರಂಡಿ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು. ಕರ್ನಾಟಕದಲ್ಲಿ ಇದರ ಬಿಸಿ ಮುಟ್ಟಿದ್ದು ಮೀಟರಿಗಾಗಿ ಅರ್ಜಿ ಹಾಕಿ ಕಾದ ಸಣ್ಣ ಮನೆಗಳಿಗೆ. ಕೊನೆಗೆ 2025ರಲ್ಲಿ ಸರ್ಕಾರ 1,200 ಚದರ ಅಡಿವರೆಗಿನ ನಿವೇಶನದ, ನೆಲದ ಮೇಲೆ ಎರಡು ಅಥವಾ ಸ್ಟಿಲ್ಟ್ ಮೇಲೆ ಮೂರು ಮಹಡಿವರೆಗಿನ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು. ವಿನಾಯಿತಿ ಸಿಕ್ಕಿದ್ದು ಓಸಿಗೆ, ನಕ್ಷೆ ಮಂಜೂರಾತಿಗಲ್ಲ. ಈ ವ್ಯತ್ಯಾಸವನ್ನು ನಿಮ್ಮ ಗಿರಾಕಿಗಳಿಗೆ ದಯವಿಟ್ಟು ಬಿಡಿಸಿ ಹೇಳಿ.

ಬೆಂಗಳೂರಿನ 'ನಂಬಿಕೆ ನಕ್ಷೆ' ಇನ್ನೊಂದು ಹೆಜ್ಜೆ. ಐವತ್ತು-ಎಂಬತ್ತರವರೆಗಿನ ನಿವೇಶನದಲ್ಲಿ ನಾಲ್ಕು ಮನೆವರೆಗೆ, ನೋಂದಾಯಿತ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿ ಪ್ರಮಾಣೀಕರಿಸಿದರೆ ಆನ್‌ಲೈನಿನಲ್ಲೇ ತಾತ್ಕಾಲಿಕ ಅನುಮತಿ ಸಿಗುತ್ತದೆ. ಅಲೆದಾಟ ತಪ್ಪಿತು ಎಂದು ಸಂತೋಷಪಡುತ್ತೇನೆ. ಜೊತೆಗೆ, ಇಷ್ಟು ದಿನ ಅಧಿಕಾರಿಯ ಮೇಲೆ ಹಾಕುತ್ತಿದ್ದ ತಪ್ಪನ್ನು ಇನ್ನು ನಮ್ಮ ಸಹಿಯೇ ಹೊರಬೇಕು. ನಂಬಿಕೆ ಎಂಬ ಹೆಸರಿಟ್ಟಿದ್ದಾರೆ; ಎರಡು ನಕ್ಷೆ ಬರೆಯುವ ಕೈಗೆ ಆ ಹೆಸರು ಒಪ್ಪುವುದಿಲ್ಲ.

ಭದ್ರತೆಯ ಮಾತು ಬರೀ ಕಾಗದದ್ದಲ್ಲ. ಇದೇ ಧಾರವಾಡದಲ್ಲಿ, ಕುಮಾರೇಶ್ವರ ನಗರದಲ್ಲಿ, 2019ರ ಮಾರ್ಚ್ 19ರಂದು ನಿರ್ಮಾಣ ಹಂತದ ವಾಣಿಜ್ಯ ಕಟ್ಟಡವೊಂದು ಕುಸಿದು 19 ಜನ ಸತ್ತರು. ಕೆಳಗೆ ಅಂಗಡಿಗಳು ಆಗಲೇ ನಡೆಯುತ್ತಿದ್ದವು, ಮೇಲೆ ಕೆಲಸ ಸಾಗಿತ್ತು. ಅದು ಮನೆಯಲ್ಲ, ಅದರ ಹೊಣೆ ಯಾರದೆಂದು ತೀರ್ಮಾನಿಸುವ ಜಾಗವೂ ಇದಲ್ಲ. ಆದರೆ ಕೆಳಗೆ ಬಳಕೆ, ಮೇಲೆ ಕಟ್ಟೋಣ ಎಂಬ ರೀತಿ ನಮ್ಮ ಪ್ರತಿ ಓಣಿಯ ಮನೆಗಳಲ್ಲೂ ಇದೆ. ಕೆಳಗೆ ಅಡಿಗೆಯಾಗುತ್ತಿರುತ್ತದೆ, ಮೇಲೆ ಸೆಂಟ್ರಿಂಗ್ ಹೊಡೆಯುತ್ತಿರುತ್ತಾರೆ.

ಈ ಗೋಷ್ಠಿಯಿಂದ ನಾನು ಕೇಳುವುದು ದೊಡ್ಡದೇನಲ್ಲ. ಒಂದೇ ಒಂದು ಪುಟ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಎಡಗಡೆ ಪರವಾನಗಿ ಬೇಡದ ಕೆಲಸಗಳು, ಬಲಗಡೆ ಬೇಕಾದವು, ನಡುವೆ ಪರವಾನಗಿ ಬೇಕೋ ಬೇಡವೋ ಎಂದು ಎಂಜಿನಿಯರರನ್ನು ಕೇಳಿಯೇ ಕೈ ಹಾಕಬೇಕಾದವು. ಮಾಳಿಗೆಗೆ ಸ್ಲ್ಯಾಬ್ ಹಾಕುವುದು, ಗೋಡೆ ತೆಗೆಯುವುದು, ತಾರಸಿ ತೋಟ ನಡುವಿನ ಸಾಲಿಗೆ ಬರಲಿ. ಅದನ್ನು ಈ ಜಿಲ್ಲೆಯ ಉಪವಿಧಿಗಳೊಡನೆ ತಾಳೆ ನೋಡಿ, ಪ್ರತಿ ವಾರ್ಡ್ ಕಚೇರಿ, ಪ್ರತಿ ಪಂಚಾಯಿತಿ, ಪ್ರತಿ ಸಿಮೆಂಟ್ ಅಂಗಡಿಯ ಗೋಡೆಗೆ ಅಂಟಿಸೋಣ. ಕರಡು ಬರೆಯುವ ಸಮಿತಿಯಲ್ಲಿ ಕನಿಷ್ಠ ಇಬ್ಬರು ಮೇಸ್ತ್ರಿಗಳಿರಲಿ. ಜನ ಮೊದಲು ಕೇಳುವುದು ಅವರನ್ನೇ. ನಾಳೆ ಸಮಾರೋಪಕ್ಕೆ ಮುಂಚೆ ಆ ಸಮಿತಿಯ ಹೆಸರುಗಳನ್ನು ಓದಿ ಹೇಳಬೇಕೆಂದು ಸಂಘಟಕರಲ್ಲಿ ವಿನಂತಿಸುತ್ತೇನೆ.