ಹೇರೂರಿನ ತೋಟ, ಹೇರೂರಿನ ಬೆಟ್ಟ
(ಸಿದ್ದಾಪುರ ತಾಲೂಕಿನ ಹೇರೂರಿನಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ಹೇರೂರು ಎಂದರೆ ಹಿರಿದಾದ ಊರು. ಹಳೆಯ ‘ಪೇರೂರು’ ಬಾಯಿಂದ ಬಾಯಿಗೆ ಸಾಗಿ ಹೀಗಾಯಿತು. ಆದರೆ ಕಣಿವೆಯ ಮನೆಗಳನ್ನಷ್ಟೇ ಎಣಿಸಿದರೆ ಆ ಹಿರಿತನ ಕಾಣದು. ಬೆಟ್ಟವನ್ನೂ ಊರೆಂದು ಎಣಿಸಬೇಕು.

ನಮ್ಮ ಹಿರಿಯರು ಹಾಗೆಯೇ ಎಣಿಸಿದ್ದರು. ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಕೊಟ್ಟಿಗೆ. ಮಳೆಗಾಲದಲ್ಲಿ ಮತ್ತಿ, ಹೊನ್ನೆ, ನಂದಿಯ ಹಸಿಸೊಪ್ಪು. ಬೇಸಗೆಯಲ್ಲಿ ಗುಡಿಸಿ ತಂದ ದರಕು. ಅದು ದನಗಳ ಕಾಲಡಿಯಲ್ಲಿ ಗೊಬ್ಬರವಾಗಿ ತೋಟಕ್ಕಿಳಿಯುತ್ತಿತ್ತು. ಹೆಡಿಗೆ ಹೊತ್ತವರಲ್ಲಿ ಹೆಂಗಸರೂ ಕೂಲಿಯವರೂ ಹೆಚ್ಚು. ನಾವು ಬರೆಯುವ ಊರಿನ ಚರಿತ್ರೆಯಲ್ಲಿ ಅವರ ಹೆಸರುಗಳೇ ಇಲ್ಲ.

1862ರಲ್ಲಿ ಈ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂದೆ ಕಾಡು ಸರಕಾರದ ಸ್ವತ್ತಾಯಿತು. ತೋಟಿಗರಿಗೆ ಸೊಪ್ಪಿನ ಸವಲತ್ತು ಉಳಿಯಿತು. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಗಮನಿಸಿ, ಅದು ಬಳಕೆಯ ಹಕ್ಕು, ಒಡೆತನವಲ್ಲ. 1932ರ ಸುಮಾರಿಗೆ ಸಿದ್ದಾಪುರ ಸೀಮೆಯ ರೈತರು ಕರ ನಿರಾಕರಿಸಿದಾಗ ಆಸ್ತಿ ಜಪ್ತಿಯಾಯಿತು. ಅದನ್ನು ಕೊಂಡವರ ಮನೆಯ ಮುಂದೆ ಮಾವಿನಗುಂಡಿಯಲ್ಲಿ ಮಹಿಳೆಯರು ಉಪವಾಸ ಕುಳಿತರು. ತೋಟ ಹೋದವನಿಗೆ ಬೆಟ್ಟವೂ ಇಲ್ಲ. ಅದು ತೋಟಕ್ಕೆ ಅಂಟಿದ ಹಕ್ಕು. 1974ರ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾದರು, ಬೆಟ್ಟ ಮಾತ್ರ ಸರಕಾರದ್ದಾಗಿಯೇ ಉಳಿಯಿತು.

1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯವರು ಕೊಡಲಿಗೆ ಅಡ್ಡನಿಂತು ಮರಗಳನ್ನು ಅಪ್ಪಿಕೊಂಡರು. ಇಲಾಖೆಯ ಕಡಿತವನ್ನು ಪ್ರಶ್ನಿಸಲು ನಮಗೆ ಧೈರ್ಯವಿತ್ತು. ನಮ್ಮದೇ ಸೊಪ್ಪಿನ ಬೆಟ್ಟದ ಮಾತು ಬಂದಾಗ ಆ ಧೈರ್ಯ ಎಲ್ಲಿ ಅಡಗುತ್ತದೆಯೋ! ವರ್ಷ ವರ್ಷ ತುದಿಯವರೆಗೆ ಸೊಪ್ಪು ಸವರಿ ಮರಗಳನ್ನು ಬೋಳುಕಂಬ ಮಾಡಿದ್ದೇವೆ. ಅಡಿಕೆಗೆ ಬೆಲೆ ಬಂದಾಗ ಯಂತ್ರ ತಂದು ಬೆಟ್ಟ ತಟ್ಟುಮಾಡಿ ಸಸಿ ನೆಟ್ಟವರೂ ಇದ್ದಾರೆ. ಹಾಗೆ ಎದ್ದ ತೋಟಕ್ಕೆ ಸೊಪ್ಪು ಎಲ್ಲಿಂದ? ಕೆಳಗಿನ ಹಳೆಯ ತೋಟಕ್ಕೆ ಬೇಸಗೆಯ ನೀರು ಎಲ್ಲಿಂದ? ದನವಿಲ್ಲದ ಕೊಟ್ಟಿಗೆ, ಮಕ್ಕಳು ಬೆಂಗಳೂರಿನಲ್ಲಿರುವ ಮನೆ, ಇವನ್ನೂ ಬಲ್ಲೆ. ಸೊಪ್ಪು ಹೊರುವವರಿಲ್ಲ ಎಂಬುದು ಸುಳ್ಳಲ್ಲ. ಆದರೆ ಹೊರುವವರಿಲ್ಲದಿದ್ದರೆ ಬೆಟ್ಟ ಬೆಳೆಯಲಿ. ಅದನ್ನು ಕೆಡವಲು ಅದು ಕಾರಣವಾಗದು.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಮನೆಯ ಅಜ್ಜಿಯನ್ನು ಕರೆದುಕೊಂಡು ನಿಮ್ಮ ಬೆಟ್ಟದ ಅಗಳದ ಗುಂಟ ಒಮ್ಮೆ ನಡೆಯಿರಿ. ಅವರು ಸೊಪ್ಪು ತಂದ ಮರಗಳಲ್ಲಿ ಇಂದು ಯಾವುವು ನಿಂತಿವೆ ಎಂದು ಬರೆದಿಡಿ. ಮುಂದಿನ ಸಭೆಗೆ ಆ ಪಟ್ಟಿ ಬರಲಿ, ಮಾತು ಅಲ್ಲಿಂದ ಮುಂದುವರಿಸೋಣ.