ಸುರಿಗೆಯ ಕಾಯಕ



ನಾಳೆ ಮಹಾನವಮಿಯ ಆಯುಧಪೂಜೆ. ನಿಮ್ಮ ನಿಮ್ಮ ಮನೆಗಳಲ್ಲಿ ನೇಗಿಲು, ಗುದ್ದಲಿ, ಕೊಡಲಿ, ಹೊಲಿಗೆಯ ಯಂತ್ರ, ಮೋಟಾರು ಗಾಡಿ ಎಲ್ಲವನ್ನೂ ತೊಳೆದು ಗಂಧ ಹೂವು ಏರಿಸುತ್ತೀರಿ. ಆಯುಧಕ್ಕೆ ಪೂಜೆಯಾಗುತ್ತದೆ, ಆಯುಧವನ್ನು ಮಾಡಿದವನ ಕೈ ಯಾರ ನೆನಪಿಗೂ ಬರುವುದಿಲ್ಲ. ಆದುದರಿಂದ ಇಂದು ಆ ಕೈಯ ಮಾತನ್ನು ಆಡೋಣ. ಅದರಲ್ಲಿಯೂ ಮಾಡಲು ಕಷ್ಟವಾದ, ಮಾಡಿದ ಮೇಲೆ ಇಟ್ಟುಕೊಳ್ಳಲು ಇನ್ನೂ ಕಷ್ಟವಾದ ಒಂದು ಆಯುಧವನ್ನು ಆರಿಸಿಕೊಳ್ಳೋಣ. ಅದು ಕೆತ್ತನೆಯ ಮರದ ಹಿಡಿಯುಳ್ಳ ಎರಡಲಗಿನ ಸುರಿಗೆ.

ಕುಲುಮೆಯ ಕೆಲಸ ಮಾಡುವವರು ಕೇಳುವುದುಂಟು: "ಬುದ್ಧೀ, ಗುದ್ದಲಿ ಮಾಡಿದರೆ ಅದು ಕಾಯಕ, ಒಪ್ಪಿದೆವು. ಸುರಿಗೆ ಮಾಡಿದರೆ ಅದೂ ಕಾಯಕವೇ? ನಾಳೆ ಅದು ಯಾರದೋ ಹೊಟ್ಟೆಗೆ ಇಳಿದರೆ ಆ ಪಾಪ ಯಾರದು?" ಇದು ಹಾರಿಕೆಯ ಉತ್ತರಕ್ಕೆ ಸಲ್ಲುವ ಪ್ರಶ್ನೆಯಲ್ಲ. ಇದಕ್ಕೆ ಉತ್ತರ ಬೇಕಾದರೆ ಆ ವಸ್ತು ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ಕಾಣಬೇಕು.

ಹೆಸರಿನಿಂದ ಆರಂಭಿಸೋಣ. ಅಮರಕೋಶದಲ್ಲಿ ಇದಕ್ಕೆ ನಾಲ್ಕು ಹೆಸರುಗಳಿವೆ: ಶಸ್ತ್ರೀ, ಅಸಿಪುತ್ರೀ, ಛುರಿಕಾ, ಅಸಿಧೇನುಕಾ. ಅಸಿ ಎಂದರೆ ಖಡ್ಗ. ಅಸಿಪುತ್ರೀ ಎಂದರೆ ಖಡ್ಗದ ಮಗಳು. ಛುರಿಕಾ ಎಂಬುದೇ ಕನ್ನಡದಲ್ಲಿ ಸುರಿಗೆಯಾಯಿತು, ತುಳುವಿನಲ್ಲಿ ಸುರಿಯವಾಯಿತು. ಕೋಟಿ ಚೆನ್ನಯರ ಗರಡಿಗಳಲ್ಲಿ ಇಟ್ಟು ಪೂಜಿಸುವ ಆಯುಧದ ಹೆಸರು ಅದೇ. ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಯವರಿಗೆ ಆ ಮಾತನ್ನು ನಾವು ಕಲಿಸಬೇಕಾಗಿಲ್ಲ. ಖಡ್ಗ ರಣರಂಗದ್ದು, ಅದರ ಮಗಳಾದ ಸುರಿಗೆ ಸೊಂಟದ್ದು, ಮೈಗೆ ಹತ್ತಿರದ್ದು. ಹತ್ತಿರವಿರುವುದಕ್ಕೇ ಹೆಚ್ಚು ಸಂಸ್ಕಾರ ಬೇಕು.

ಇನ್ನು ಕುಲುಮೆಗೆ ಹೋಗೋಣ. ಮೆತ್ತಗಿನ ಕಬ್ಬಿಣದಿಂದ ಸುರಿಗೆಯಾಗದು. ಅದಕ್ಕೆ ಅಲಗು ನಿಲ್ಲುವುದಿಲ್ಲ. ಉಕ್ಕು ಬೇಕು. ಈ ಉಕ್ಕು ಎಂಬ ನಮ್ಮ ಮಾತೇ ಪರದೇಶಗಳಲ್ಲಿ 'ವೂಟ್ಸ್' ಎಂದಾಯಿತೆಂದು ಪಂಡಿತರು ಹೇಳುತ್ತಾರೆ. ದಕ್ಷಿಣದೇಶದ ಆ ಉಕ್ಕಿನ ಗುಟ್ಟು ತಿಳಿಯಲು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿ 1819ರಲ್ಲಿ ಅದನ್ನು ವಿಶ್ಲೇಷಿಸಿದನು. ಅಂಥ ನಾಡಿನ ಆಚಾರಿಗಳು ಈಗ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಕತ್ತಿ ಬಡಿಯುತ್ತಾರೆ. ಇದರಲ್ಲಿ ನಾಚಿಕೆಯೇನೂ ಇಲ್ಲ. ಆ ಪಟ್ಟಿಯೂ ಒಳ್ಳೆಯ ಉಕ್ಕೇ. ಭಾರ ಹೊತ್ತು ಹೊತ್ತು ಸವೆದದ್ದು ಬೆಂಕಿಯಲ್ಲಿ ಮತ್ತೊಂದು ಜನ್ಮ ಎತ್ತುತ್ತದೆ.

ತಿದಿ ಒತ್ತಿ, ಇದ್ದಿಲು ಕೆಂಡವಾಗಿ, ಪಟ್ಟಿ ಕೆಂಪಗಾದ ಮೇಲೆ ಸುತ್ತಿಗೆಯ ಕೆಲಸ. ಇಲ್ಲಿಯೇ ಒಂದಲಗಿನ ಕತ್ತಿಗೂ ಎರಡಲಗಿನ ಸುರಿಗೆಗೂ ಭೇದ. ಕತ್ತಿಯ ಒಂದು ಅಂಚನ್ನು ಬಡಿದು ತೆಳುವು ಮಾಡಿದರೆ ಆ ಅಂಚು ಉದ್ದವಾಗುತ್ತದೆ. ಆಗ ಕತ್ತಿ ತಾನಾಗಿ ಹಿಂದಕ್ಕೆ ಬಾಗುತ್ತದೆ. ಒಂದಲಗಿನ ಕತ್ತಿಗೆ ಆ ಬಾಗು ಒಪ್ಪುತ್ತದೆ. ಸುರಿಗೆಗೆ ಒಪ್ಪುವುದಿಲ್ಲ. ಬಲದ ಅಂಚಿಗೆ ಎಷ್ಟು ಪೆಟ್ಟು ಬಿದ್ದಿತೋ ಎಡದ ಅಂಚಿಗೂ ಅಷ್ಟೇ ಬೀಳಬೇಕು. ಒಂದು ಕಡೆಗೆ ನಾಲ್ಕು ಪೆಟ್ಟು ಹೆಚ್ಚಾದರೆ ಇಡೀ ಅಲಗು ಬಾಳೆಯ ಕಾಯಿಯಂತೆ ಸೊಟ್ಟಗಾಗುತ್ತದೆ. ಆಚಾರಿಗೆ ಪಕ್ಷಪಾತ ಸಲ್ಲದು. ನಡುವೆ ಒಂದು ಏಣು ಬಿಡಬೇಕು. ಬೆನ್ನೆಲುಬಿನಂತೆ ಮೊದಲಿನಿಂದ ಮೊನೆಯವರೆಗೆ ಓಡುವ ಆ ಏಣಿನ ಬಲದಿಂದಲೇ ಎರಡು ತೆಳುವಾದ ಅಂಚುಗಳು ನಿಲ್ಲುತ್ತವೆ.

ಆಮೇಲೆ ಹದ ಕೊಡುವುದು. ಉಕ್ಕನ್ನು ಕಾಯಿಸುತ್ತ ಹೋದರೆ ಸುಮಾರು 770 ಡಿಗ್ರಿ ಶಾಖದಲ್ಲಿ ಅಯಸ್ಕಾಂತ ಅದನ್ನು ಸೆಳೆಯುವುದನ್ನು ಬಿಡುತ್ತದೆ. ಅದರ ಮೇಲೆ ಇನ್ನಷ್ಟು ಕಾಯಿಸಿ, ಒಮ್ಮೆಲೇ ನೀರಿಗೋ ಎಣ್ಣೆಗೋ ಇಳಿಸಬೇಕು. ಸ್ಪ್ರಿಂಗ್ ಪಟ್ಟಿಯ ಉಕ್ಕು ನೀರಿನಲ್ಲಿ ಸೀಳುವುದುಂಟು, ಅದಕ್ಕೆ ಎಣ್ಣೆಯೇ ಲೇಸು. ಮೊನೆ ಮೊದಲಾಗಿ ನೆಟ್ಟಗೆ ಇಳಿಯಬೇಕು. ಓರೆಯಾಗಿ ಇಳಿದರೆ ಒಂದು ಅಂಚು ಮೊದಲು ತಣಿದು ಅಲಗು ತಿರುಚಿಕೊಳ್ಳುತ್ತದೆ. ಹೀಗೆ ಗಟ್ಟಿಯಾದ ಉಕ್ಕು ಗಾಜಿನಂತೆ, ಕೆಳಗೆ ಬಿದ್ದರೆ ಒಡೆದೀತು. ಆದುದರಿಂದ ಅದನ್ನು ಮತ್ತೆ ಮೆಲ್ಲಗೆ ಕಾಯಿಸಬೇಕು. ಉಜ್ಜಿ ಬೆಳಗಿದ ಉಕ್ಕಿನ ಮೇಲೆ ಒಣಹುಲ್ಲಿನ ಹಳದಿ ಮೂಡುತ್ತದೆ, ಆಮೇಲೆ ಕಂದು, ಆಮೇಲೆ ನೀಲಿ. ಯಾವ ಬಣ್ಣದಲ್ಲಿ ನಿಲ್ಲಿಸಬೇಕೆಂಬುದೇ ವಿದ್ಯೆ. ಬರಿಯ ಗಟ್ಟಿತನ ಗುಣವಲ್ಲ. ಗಟ್ಟಿಯಾದದ್ದು ಎರಡನೆಯ ಸಲ ಬೆಂಕಿಯ ಮುಂದೆ ತಗ್ಗಿದ ಮೇಲೆಯೇ ಬಾಳಿಕೆಗೆ ಬರುತ್ತದೆ. ಮನುಷ್ಯರಲ್ಲಿಯೂ ಹೀಗೆಯೇ, ಅಲ್ಲವೇ?

ಇಷ್ಟಾದರೂ ಅದು ಬರಿಯ ಅಲಗು. ಹಿಡಿ ಬರಬೇಕು. ಇಲ್ಲಿ ಕಬ್ಬಿಣದ ಆಚಾರಿಯ ಕೈಯಿಂದ ಮರದ ಆಚಾರಿಯ ಕೈಗೆ ಕೆಲಸ ದಾಟುತ್ತದೆ. ಬೀಟೆಯೋ ಹುಣಸೆಯೋ ಹಲಸೋ, ಮರ ಚೆನ್ನಾಗಿ ಒಣಗಿರಬೇಕು. ಹಸಿಮರ ಒಣಗಿದ ಮೇಲೆ ಕುಗ್ಗಿ ಬಿರಿಯುತ್ತದೆ, ಅಲಗು ಅಲುಗಾಡುತ್ತದೆ. ಅಲಗಿನ ಬಾಲ ಕೂರುವಷ್ಟು ತೂತು ಕೊರೆದು, ಅರಗಿಗೆ ಇಟ್ಟಿಗೆಯ ಪುಡಿ ಬೆರೆಸಿ ತುಂಬಿ, ಬಾಲವನ್ನು ಕಾಯಿಸಿ ಒತ್ತುತ್ತಾರೆ. ಅರಗು ಕರಗಿ, ತಣಿದು, ಮರವನ್ನೂ ಉಕ್ಕನ್ನೂ ಒಂದು ಮಾಡುತ್ತದೆ. ಹಿಡಿ ಗುಂಡಗಿರಬಾರದು, ಚಪ್ಪಟೆಯಾಗಿ ಮೊಟ್ಟೆಯಾಕಾರದಲ್ಲಿರಬೇಕು. ಆಗ ಕತ್ತಲಲ್ಲಿ ಹಿಡಿದರೂ ಅಲಗು ಯಾವ ಕಡೆಗಿದೆ ಎಂದು ಅಂಗೈಗೆ ತಿಳಿಯುತ್ತದೆ.

ಕೆತ್ತನೆ ಅಂದಕ್ಕೆ ಮಾತ್ರವೆಂದು ತಿಳಿಯಬೇಡಿ. ಬಳ್ಳಿಯ ಸುರುಳಿ, ತಾವರೆಯ ದಳ ಬೆವರಿದ ಕೈ ಜಾರದಂತೆ ತಡೆಯುತ್ತವೆ. ಉಳಿ ಹೆಚ್ಚು ಆಳಕ್ಕೆ ಇಳಿದರೆ ಅಂಗೈ ನೋಯುತ್ತದೆ; ಕಡಿಮೆಯಾದರೆ ಜಾರುತ್ತದೆ. ಮರಗೆತ್ತನೆಯ ಹಿರಿಮೆಯನ್ನು ಕಾಣಬೇಕಾದರೆ ಮೂಡುಬಿದಿರೆಯ ಚೌಟರ ಅರಮನೆಗೆ ಹೋಗಿ ನೋಡಿ. ಅಲ್ಲಿ ಒಂಬತ್ತು ನಾರಿಯರು ಸೇರಿ ಆನೆಯಾಗಿದ್ದಾರೆ, ಐವರು ಸೇರಿ ಕುದುರೆಯಾಗಿದ್ದಾರೆ. ನವನಾರೀಕುಂಜರ, ಪಂಚನಾರೀತುರಗ ಎಂದು ಅವುಗಳ ಹೆಸರು. ಆ ಕಂಬ ಕೆತ್ತಿದ ಬಗೆಯ ಕೈಗಳ ವಿದ್ಯೆಯೇ ಗೇಣುದ್ದದ ಹಿಡಿಗೂ ಬೇಕು. ಕಲ್ಯಾಣದ ಶರಣರಲ್ಲಿ ಬಾಚಿಯ ಕಾಯಕದ ಬಸವಯ್ಯನವರು ಮರಗೆಲಸದವರು. ಅವರ ಪುಣ್ಯಸ್ತ್ರೀ ಕಾಳವ್ವೆ ವಚನಕಾರ್ತಿ. ಬಾಚಿ ಹಿಡಿದ ಕೈ ಅನುಭವಮಂಟಪಕ್ಕೆ ಹೊರಗಾಗಲಿಲ್ಲ ಎಂಬುದನ್ನು ನೆನಪಿಡಿ.

ಕೊನೆಗೆ ಒರೆ. ಎರಡು ಮರದ ಸೀಳುಗಳನ್ನು ಒಳಗೆ ತೋಡಿ ಕೂಡಿಸಿ ಒರೆ ಮಾಡುತ್ತಾರೆ. ಒಂದಲಗಿನ ಕತ್ತಿಯನ್ನು ಒರೆಯಿಲ್ಲದೆ ಬಟ್ಟೆ ಸುತ್ತಿ ಇಡಬಹುದು, ಬೆನ್ನಿನ ಕಡೆ ಮುಟ್ಟಬಹುದು. ಸುರಿಗೆಗೆ ಬೆನ್ನಿಲ್ಲ. ಎರಡೂ ಕಡೆ ಬಾಯಿಯೇ. ಆದುದರಿಂದ ಒರೆಯಾದ ಹೊರತು ಸುರಿಗೆ ಮುಗಿಯಿತು ಎನ್ನುವಂತಿಲ್ಲ.

ಈಗ ಪ್ರಶ್ನೆಗೆ ಬರೋಣ. ಇದು ಕಾಯಕವೇ?

ಹಿಂದಿನವರು ಇದನ್ನು ಯೋಚಿಸಿಲ್ಲವೆಂದು ತಿಳಿಯಬೇಡಿ. ಬುದ್ಧನು ಗೃಹಸ್ಥರು ಮಾಡಬಾರದ ಐದು ವ್ಯಾಪಾರಗಳಲ್ಲಿ ಶಸ್ತ್ರದ ವ್ಯಾಪಾರವನ್ನೂ ಸೇರಿಸಿದನು. ಜೈನರ ಶ್ರಾವಕಾಚಾರದಲ್ಲಿ ಅನರ್ಥದಂಡವೆಂಬ ದೋಷದ ಭೇದಗಳಲ್ಲಿ ಹಿಂಸಾದಾನವೂ ಒಂದು; ಎಂದರೆ ಹಿಂಸೆಯ ಸಾಧನವನ್ನು ನಿಷ್ಪ್ರಯೋಜನವಾಗಿ ಇನ್ನೊಬ್ಬರ ಕೈಗೆ ಕೊಡುವುದು. 1430ರಲ್ಲಿ ಸಾವಿರ ಕಂಬದ ಬಸದಿ ಎದ್ದ ಮೂಡುಬಿದಿರೆಯಲ್ಲಿ, 1604ರಲ್ಲಿ ಬಾಹುಬಲಿ ನಿಂತ ವೇಣೂರಿನಲ್ಲಿ ಈ ಮಾತು ಹೊಸದಲ್ಲ. ಆದರೂ ಆ ಸೀಮೆಯನ್ನು ಆಳಿದ ಚೌಟರು, ಅಜಿಲರು ಜೈನರೇ. ಅವರ ಮನೆಗಳಲ್ಲಿ ಆಯುಧಗಳು ಇದ್ದವು. ವಿರೋಧವೇನೂ ಇಲ್ಲ. 'ಅನರ್ಥ' ಎಂಬ ಪದವನ್ನು ಗಮನಿಸಿ. ಅರ್ಥವಿಲ್ಲದೆ, ಪ್ರಯೋಜನ ಕೇಳದೆ, ಬಂದವನ ಕೈಗೆ ಕೊಡುವುದು ದೋಷ. ಯಾರಿಗೆ, ಏತಕ್ಕೆ ಎಂದು ಕೇಳಿ ಕೊಟ್ಟರೆ ಅಲ್ಲಿ ವಿವೇಕವಿದೆ.

ಆದುದರಿಂದ ನಮ್ಮ ಉತ್ತರ ಇದು. ಗರಡಿಗೆ, ದೈವಸ್ಥಾನಕ್ಕೆ, ವೀರಭದ್ರನ ಪುರವಂತರಿಗೆ ಸುರಿಗೆ ಖಡ್ಗಗಳನ್ನು ಮಾಡಿಕೊಡುವುದು ನಿಸ್ಸಂದೇಹವಾಗಿ ಕಾಯಕ. ಆದರೆ ಈ ಕಾಯಕಕ್ಕೆ ಸುತ್ತಿಗೆಯಷ್ಟೇ ಮುಖ್ಯವಾದ ಇನ್ನೊಂದು ಉಪಕರಣವಿದೆ. ಅದು "ಏತಕ್ಕೆ?" ಎಂಬ ಪ್ರಶ್ನೆ. ರಾತ್ರಿ ಹೊತ್ತಿನಲ್ಲಿ ಬಂದು, ಹೆಸರು ಹೇಳದೆ, ಎರಡು ಪಾಲು ಹಣ ಇಟ್ಟು ಅಲಗು ಕೇಳುವವನಿಗೆ "ಇಲ್ಲ" ಎನ್ನುವ ಅಧಿಕಾರ ಕಮ್ಮಾರನದು. ಆ ದಿನ ಕುಲುಮೆ ಹೊತ್ತದಿದ್ದರೂ ಅವನ ಕಾಯಕ ನಡೆಯಿತು. ರಾಜ್ಯದ ಕಾನೂನೂ ಇದನ್ನೇ ಹೇಳುತ್ತದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ನಿಯಮಗಳು ಖಡ್ಗ ಕಠಾರಿಗಳನ್ನೂ, 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಚೂರಿಗಳನ್ನೂ ಆಯುಧಗಳ ಪಟ್ಟಿಯಲ್ಲಿ ಇಟ್ಟಿವೆ. ಮನೆಗೆಲಸಕ್ಕೆ, ಬೇಸಾಯಕ್ಕೆ ಮಾಡಿದವನ್ನು ಬಿಟ್ಟಿವೆ. ಅಲ್ಲಿಯೂ ನೋಡುವುದು ಉದ್ದೇಶವನ್ನೇ.

ಹಿಡಿಯುವವರಿಗೂ ಒಂದು ಮಾತು. ಬೈದೆರ್ಕಳ ನೇಮದಲ್ಲಿ ಸುರಿಯ ಹಿಡಿದವನು ಅದನ್ನು ಯಾರ ಮೇಲೆ ತಿರುಗಿಸುತ್ತಾನೆ? ತನ್ನ ಎದೆಗೆ. ನಮ್ಮ ಪುರವಂತರು ವೀರಾವೇಶದಲ್ಲಿ ಶಸ್ತ್ರ ಹಾಕಿಕೊಳ್ಳುವುದು ಯಾರಿಗೆ? ತಮ್ಮ ಕೆನ್ನೆಗೆ. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಆಚಾರ ಬೇರೆ, ಭಾಷೆ ಬೇರೆ, ಆದರೆ ಈ ಒಂದು ವಿಷಯದಲ್ಲಿ ಇಬ್ಬರೂ ಒಂದೇ ಪಾಠ ಓದಿದ್ದಾರೆ. ಪೂಜೆಯ ಆಯುಧದ ಮೊನೆ ಹಿಡಿದವನ ಕಡೆಗಿರುತ್ತದೆ. ಸುರಿಗೆಯನ್ನು ನೆಟ್ಟಗೆ ಹಿಡಿದು ನೋಡಿ: ಒಂದು ಅಲಗು ಎದುರಿನವನ ಕಡೆಗಿದ್ದರೆ ಇನ್ನೊಂದು ನಿಮ್ಮ ಕಡೆಗೇ ಇದೆ.

ಇದನ್ನು ನಾವು ಬಂಟವಾಳದಲ್ಲಿ ಹೇಳಬೇಕಾಗಿದೆ. 2017ರಲ್ಲಿ, ಮತ್ತೆ 2025ರಲ್ಲಿ ಈ ತಾಲೂಕಿನಲ್ಲಿ ಇರಿತ ಕಡಿತಗಳಾಗಿ, ಹರೆಯದ ಜೀವಗಳು ಹೋಗಿ, ನಿಷೇಧಾಜ್ಞೆ ಹಾಕಬೇಕಾಯಿತು. ಸತ್ತವರು ಯಾವ ಮತದವರೆಂದು ನಾವು ಎಣಿಸುವುದಿಲ್ಲ. ಅವರೆಲ್ಲ ತಾಯಂದಿರ ಮಕ್ಕಳು. ಕೊಂದವನ ಮನೆಯ ಒಲೆಯೂ ಆರಿತು. ಆ ಎರಡನೆಯ ಅಲಗು ಕೊಯ್ದದ್ದು ಅವನ ತಾಯಿಯನ್ನು, ಹೆಂಡತಿಯನ್ನು, ಮಗುವನ್ನು. ತಾಯಂದಿರೆ, ಮಗ ಗಾಡಿಯ ಸೀಟಿನ ಅಡಿಯಲ್ಲಿ ಏನಿಟ್ಟಿದ್ದಾನೆ ಎಂದು ನೀವು ಕೇಳಬೇಕು. ಕಮ್ಮಾರ ಕೇಳಬೇಕಾದ ಪ್ರಶ್ನೆಯನ್ನು ಮನೆಯಲ್ಲಿ ನೀವು ಕೇಳಬೇಕು: "ಏತಕ್ಕೆ, ಮಗಾ?"

ಇನ್ನೊಂದು ಕೆಲಸ ಊರಿನ ಹಿರಿಯರದು. ಅಡ್ಡದಾರಿಯ ಹಣಕ್ಕೆ ಕುಲುಮೆ ಕೈಯೊಡ್ಡಬಾರದು ಎನ್ನುವವರು ನೇರದಾರಿಯ ಹಣ ಕೊಡಬೇಕು. ಗರಡಿಯ ಜೀರ್ಣೋದ್ಧಾರಕ್ಕೆ ಲಕ್ಷಗಟ್ಟಲೆ ಕೂಡಿಸುತ್ತೀರಿ. ಸುರಿಯವನ್ನು ಮಾತ್ರ ಅಗ್ಗಕ್ಕೆ ಸಿಕ್ಕಿತೆಂದು ಎಲ್ಲಿಂದಲೋ ತರಿಸಿದರೆ ಪಕ್ಕದ ಊರಿನ ಆಚಾರಿ ಏನು ಉಣ್ಣಬೇಕು? ಅವನಲ್ಲಿಯೇ ಮಾಡಿಸಿ. ಹೆಸರು, ಸ್ಥಳ, ಉದ್ದೇಶ ಬರೆದ ಪತ್ರ ಕೊಟ್ಟು ಮಾಡಿಸಿ. ಕಬ್ಬಿಣದವನಿಗೂ ಮರದವನಿಗೂ ಮರ್ಯಾದೆಯ ಕೂಲಿ ಕೊಡಿ, ಪೂಜೆಯ ದಿನ ಅವರನ್ನು ಕರೆದು ಕೂರಿಸಿ. ಆಚಾರಿಗಳೇ, ನಿಮಗೂ ದಾರಿಗಳಿವೆ. ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರ, ಬಡಗಿ, ಆಯುಧ ಮಾಡುವವನು ಮೂವರೂ ಇದ್ದಾರೆ. ಉಪಕರಣಕ್ಕೆ 15,000 ರೂಪಾಯಿಯ ನೆರವು, ಕಡಿಮೆ ಬಡ್ಡಿಯ ಸಾಲ ಅದರಲ್ಲಿವೆ. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ 1982ರಿಂದ ಸ್ವಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆಯಿದೆ. ಕೇಳಿ ಪಡೆಯಿರಿ. ಮಗನಿಗೆ ಕುಲುಮೆ ಬೇಡವೆನಿಸಿದರೆ ಬಲವಂತ ಬೇಡ. ಆದರೆ ಪೆಟ್ಟು ಎರಡು ಕಡೆಗೂ ಸಮನಾಗಿ ಬೀಳಬೇಕೆಂಬ ವಿದ್ಯೆಯನ್ನು ಒಮ್ಮೆಯಾದರೂ ಅವನ ಕೈಗೆ ಕೊಡಿ.

ನಾಳೆ ಪೂಜೆಗೆ ಕೂತಾಗ ಮನೆಯ ಆಯುಧದ ಅಲಗಿಗೆ ಕುಂಕುಮ ಇಡುವ ಮೊದಲು ಅದರ ಹಿಡಿಗೆ ಇಡಿ. ಕೊಯ್ಯುವುದು ಅಲಗು, ಕೊಯ್ಯಬೇಕೆ ಬೇಡವೆ ಎಂದು ನಿಶ್ಚಯವಾಗುವುದು ಹಿಡಿಯಲ್ಲಿ. ಆ ನಿಶ್ಚಯ ನಿಮ್ಮೆಲ್ಲರ ಕೈಯಲ್ಲಿ ಶುದ್ಧವಾಗಿರಲಿ, ಕುಲುಮೆಗಳಲ್ಲಿ ಬೆಂಕಿ ಆರದಿರಲಿ, ಮನೆಗಳಲ್ಲಿ ಕಣ್ಣೀರು ಬೀಳದಿರಲಿ ಎಂದು ಹಾರೈಸುತ್ತೇವೆ.

ಎಲ್ಲರಿಗೂ ಮಂಗಳವಾಗಲಿ. ಶರಣು ಶರಣಾರ್ಥಿ.