ಬಂಡೆಗಳ ನಡುವೆ ಸೈಕಲ್ಲಿನ ದಾರಿ

ಹೊಸಪೇಟೆಯಿಂದ ಅನಂತಶಯನಗುಡಿಯನ್ನು ದಾಟಿ ಹಂಪೆಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರ ಸಿಗುತ್ತದೆ. ಒಂದು ಕಡೆ ವಿಜಯನಗರದ ಅರಸರ ಕಾಲದ ಕಾಲುವೆಯ ನೀರುಂಡು ಬೆಳೆದ ಬಾಳೆ, ಕಬ್ಬು. ಇನ್ನೊಂದು ಕಡೆ ಯಾರೋ ಸುರಿದು ಮರೆತುಹೋದಂತೆ ಬಿದ್ದಿರುವ ಬಂಡೆಗಳ ರಾಶಿ. ಊರ ಬಳಿಯ ಹಳೆಯ ಗೋರಿಗಳನ್ನು ನೋಡಲು ನಿಲ್ಲುವವರೇ ಕಡಿಮೆ. ಆ ಬಂಡೆಗಳ ಸಂದಿಯಲ್ಲಿ ಯಾರು ವಾಸವಾಗಿದ್ದಾರೆಂದು ಕೇಳುವವರು ಇನ್ನೂ ಕಡಿಮೆ.

ಹಂಪೆಗೆ ಬಾಡಿಗೆಯ ಸೈಕಲ್ಲು ಹೊಸದಲ್ಲ. ಆದರೆ ಗುಡ್ಡವನ್ನೇರಿ ಇಳಿಯುವುದಕ್ಕೆಂದೇ ಮಾಡಿದ ದಪ್ಪ ಚಕ್ರದ ಸೈಕಲ್ಲಿನ ಸಂಗತಿ ಬೇರೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕೆಲವು ಯುವಕರು ಆರಂಭಿಸಿದ ಈ ಆಟ ಇಂದು ಲೋಕವನ್ನೆಲ್ಲ ಸುತ್ತಿದೆ. ಅದಕ್ಕೆ ರಸ್ತೆ ಬೇಡ, ಕಲ್ಲುಮಣ್ಣಿನ ಕಿರುದಾರಿ ಬೇಕು. ಅಂಥ ದಾರಿಯೊಂದನ್ನು ನಮ್ಮ ಬಂಡೆಗಳ ನಡುವೆಯೂ ಏಕೆ ಮಾಡಬಾರದೆಂದು ಕೇಳಿದರೆ ತಪ್ಪೇನಿಲ್ಲ. ಮರ ಕಡಿಯಬೇಕಾಗಿಲ್ಲ, ಡಾಂಬರು ಹಾಕಬೇಕಾಗಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಒಂದು ಮೀಟರು ಅಗಲದ ದಾರಿ ಹತ್ತು ಕಿಲೋಮೀಟರು ಹೋದರೂ ಅದು ಆಕ್ರಮಿಸುವ ನೆಲ ಒಂದೇ ಹೆಕ್ಟೇರು, ಅಂದರೆ ಎರಡೂವರೆ ಎಕರೆ.

ಈ ಲೆಕ್ಕ ಕಾಗದದ ಮೇಲೆ ಸರಿ. ಆದರೆ ಪ್ರಾಣಿಗಳು ದಾರಿಯನ್ನು ಗಜಕಡ್ಡಿಯಿಂದ ಅಳೆಯುವುದಿಲ್ಲ. ಅಮೆರಿಕದ ಯೂಟಾ ರಾಜ್ಯದ ಆಂಟೆಲೋಪ್ ದ್ವೀಪದಲ್ಲಿ ನಡೆದ, 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಡೆಮ್ಮೆ, ಜಿಂಕೆ ಜಾತಿಯ ಪ್ರಾಣಿಗಳು ನಡೆದುಬರುವವರಿಗೂ ಸೈಕಲ್ಲಿನವರಿಗೂ ಹೆಚ್ಚುಕಡಿಮೆ ಒಂದೇ ರೀತಿ ಬೆದರಿದವು. ದಾರಿಯಿಂದ ನೂರು ಮೀಟರಿನೊಳಗಿದ್ದ ಪ್ರಾಣಿ ಎದ್ದು ಓಡುವ ಸಂಭವ ನೂರಕ್ಕೆ ಎಪ್ಪತ್ತು. ನಮ್ಮ ಹತ್ತು ಕಿಲೋಮೀಟರಿನ ದಾರಿಗೆ ಎರಡೂ ಮಗ್ಗುಲಲ್ಲಿ ನೂರು ನೂರು ಮೀಟರು ಸೇರಿಸಿ ನೋಡಿ: ಒಂದು ಹೆಕ್ಟೇರು ಇನ್ನೂರು ಹೆಕ್ಟೇರಾಗುತ್ತದೆ. ಅದೇ ಅಧ್ಯಯನದಲ್ಲಿ ವಿಹಾರಕ್ಕೆ ಬಂದವರನ್ನು ಕೇಳಿದಾಗ, ತಮ್ಮಿಂದ ಪ್ರಾಣಿಗಳಿಗೆ ತೊಂದರೆಯಿಲ್ಲವೆಂದು ಸುಮಾರು ಅರ್ಧದಷ್ಟು ಮಂದಿ ತಿಳಿದಿದ್ದರು. ಓಡಿಹೋದದ್ದು ಕಣ್ಣಿಗೆ ಬೀಳುವುದಿಲ್ಲವಲ್ಲ!

ನಮ್ಮಲ್ಲಿರುವುದು ಬರಿಯ ಬೆದರಿ ಓಡುವ ಪ್ರಾಣಿಯಲ್ಲ, ಕರಡಿ. 1994ರಲ್ಲಿ ಅದಕ್ಕಾಗಿಯೇ ದರೋಜಿಯ ಅಭಯಾರಣ್ಯವಾಯಿತು. ಇಂದು ಅದರ ವಿಸ್ತಾರ ಸುಮಾರು 83 ಚದರ ಕಿಲೋಮೀಟರು. ಆದರೆ ಅಭಯಾರಣ್ಯದ ಎಲ್ಲೆ ಕರಡಿಗೆ ತಿಳಿಯದು. ಎಲ್ಲೆಯ ಹೊರಗಿದ್ದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ಮೊದಲ ಅನುಸೂಚಿಯಲ್ಲೇ ಕಾಯುತ್ತದೆ. ಈ ಪ್ರಾಣಿಯ ಮೂಗು ಬಲು ಚುರುಕು, ಕಣ್ಣು ಮಂದ. ಹುತ್ತಕ್ಕೆ ಮೂತಿಯಿಟ್ಟು ಗೆದ್ದಲನ್ನು ಸೊರಸೊರನೆ ಹೀರುವಾಗ ಅದಕ್ಕೆ ಲೋಕದ ಪರಿವೆಯಿರುವುದಿಲ್ಲ. ತೀರ ಹತ್ತಿರದಲ್ಲಿ ಮನುಷ್ಯ ಎದುರಾದರೆ ಮಾತ್ರ ಓಡುವ ಬದಲು ಮೇಲೆ ಬೀಳುತ್ತದೆ. ಹೊಸಪೇಟೆಯ ಬಾಡಿಗೆ ಅಂಗಡಿಯ ಹಳೆಯ ಸೈಕಲ್ಲಾದರೆ ಗಡಗಡನೆ ತನ್ನ ಬರವನ್ನು ತಾನೇ ಸಾರುತ್ತದೆ. ಸಾವಿರಾರು ರೂಪಾಯಿಯ ಹೊಸ ಸೈಕಲ್ಲಿಗೆ ಎಷ್ಟೋ ಸಲ ಗಂಟೆಯೂ ಇರುವುದಿಲ್ಲ! ವೇಗ, ಮೌನ, ಬಂಡೆಯ ತಿರುವು, ಈ ಮೂರೂ ಕೂಡಿದ ಕಡೆ ಅಪಾಯವಿದೆ. 2016ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರೇ ಕಾಡುದಾರಿಯ ತಿರುವಿನಲ್ಲಿ ಸೈಕಲ್ಲಿನೊಂದಿಗೆ ಕರಡಿಗೆ ಡಿಕ್ಕಿ ಹೊಡೆದು ಪ್ರಾಣ ಕಳೆದುಕೊಂಡರು.

ಆದ್ದರಿಂದ ಪರಿಣಾಮವನ್ನು ಅಳೆಯಹೊರಟವರು ಎಷ್ಟು ನೆಲ ಎಂದು ಕೇಳುವ ಮೊದಲು ಯಾವ ಕಾಲ, ಯಾವ ಹೊತ್ತು ಎಂದು ಕೇಳಬೇಕು. ಹಂಪೆಗೆ ಜನ ಬರುವುದು ಚಳಿಗಾಲದಲ್ಲಿ. ಹೆಣ್ಣು ಕರಡಿ ಗವಿಯೊಳಗೆ ಮರಿಹಾಕಿ ಕಾಯುವುದೂ ಸಾಮಾನ್ಯವಾಗಿ ಆಗಲೇ. ಕೊಂಬಿನ ಗೂಬೆ ಬಂಡೆಯ ಅಂಚಿನಲ್ಲಿ, ಬರಿ ನೆಲದ ಮೇಲೆ ಮೊಟ್ಟೆಯಿಡುವುದೂ ಆ ತಿಂಗಳುಗಳಲ್ಲೇ. ಒಮ್ಮೆ ಮೇ ತಿಂಗಳಲ್ಲಿ ಬಂದು, ಕಾದ ಕಲ್ಲನ್ನು ನೋಡಿ, ‘ಇಲ್ಲಿ ಏನೂ ಇಲ್ಲ’ ಎಂದು ಬರೆದುಕೊಂಡು ಹೋಗುವ ವರದಿಗೆ ಬೆಲೆಯಿಲ್ಲ. ದಾರಿ ಮಾಡುವ ಮೊದಲೇ ಒಂದು ಪೂರ್ಣ ವರ್ಷ ಹೆಜ್ಜೆ, ಹಿಕ್ಕೆ, ಗವಿಗಳನ್ನು ಗುರುತಿಸಬೇಕು. ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನಿಡಬೇಕು. ದಾರಿಯಿಲ್ಲದ ಇನ್ನೊಂದು ಗುಡ್ಡವನ್ನೂ ಹಾಗೆಯೇ ನೋಡಿ ಹೋಲಿಸಬೇಕು. ದಾರಿಯಾದ ಮೇಲೂ ಇದೇ ಕೆಲಸ ಮುಂದುವರಿಯಬೇಕು.

ಹಗಲಿನ ಮರೆಯನ್ನು ಕಳೆದುಕೊಂಡ ಕರಡಿ ಎಲ್ಲಿಗೆ ಹೋದೀತು? ಗುಡ್ಡದ ಬುಡದಲ್ಲೇ ಬಾಳೆಯ ತೋಟವಿದೆ, ಕಬ್ಬಿನ ಗದ್ದೆಯಿದೆ. ಅಲ್ಲಿ ಅದಕ್ಕೆ ಎದುರಾಗುವವನು ಬೆಂಗಳೂರಿನಿಂದ ಬಂದ ಸೈಕಲ್ ಸವಾರನಲ್ಲ. ಕತ್ತಲಲ್ಲಿ ನೀರು ತಿರುಗಿಸಲು ಹೋದ ಒಕ್ಕಲಿಗ, ನಸುಕಿನಲ್ಲಿ ಹೊರಟ ಕೂಲಿಯ ಹೆಂಗಸು. ಅವರ ಮೈಮೇಲಿನ ಗಾಯವನ್ನು ದಾರಿಯ ಪರಿಣಾಮದ ಲೆಕ್ಕಕ್ಕೆ ಯಾರು ಹಿಡಿಯುತ್ತಾರೆ?

ಸವಾರಿ ಬೇಡವೆಂದು ನಾನು ಹೇಳಲಾರೆ. ಕಾಲುವೆಯ ಏರಿಯಿದೆ, ಎತ್ತಿನ ಗಾಡಿಯ ಹಳೆಯ ಜಾಡುಗಳಿವೆ. ಜನ ಓಡಾಡಿ ಪ್ರಾಣಿಗಳಿಗೂ ಪರಿಚಿತವಾದ ಆ ದಾರಿಗಳಲ್ಲಿ, ಬಿಸಿಲೇರಿದ ಮೇಲೆ ಹೊರಟು ಸಂಜೆಗೆ ಮುನ್ನ ಮರಳಬಹುದು. ಬಂಡೆಗಳ ಒಳಸಂದಿಗಳನ್ನು ಬಿಟ್ಟುಬಿಡಬೇಕು. ಯಾವ ಸಂದಿಯನ್ನು ಬಿಡಬೇಕೆಂದು ನಿಶ್ಚಯಿಸುವಾಗ ಆ ಗುಡ್ಡದಲ್ಲೇ ಕುರಿ ಮೇಯಿಸುವವರನ್ನು ಮೊದಲು ಕೇಳಬೇಕು. ಅಂಥ ಒಬ್ಬ ಹಿರಿಯರ ಹಿಂದೆ ನಾನೊಮ್ಮೆ ನಡೆದಿದ್ದೆ. ಪ್ರತಿಯೊಂದು ತಿರುವಿನಲ್ಲೂ ಅವರು ನಿಂತು, ಕೋಲಿನಿಂದ ಕಲ್ಲಿಗೆ ಎರಡು ಸಲ ಬಡಿದು, ‘ಹೋ’ ಎಂದು ಕೂಗಿ, ಸ್ವಲ್ಪ ಹೊತ್ತು ಕಾದು ಮುಂದೆ ಹೋಗುತ್ತಿದ್ದರು. ಏಕೆಂದು ಕೇಳಿದೆ. ‘ಅದರ ಮನಿ ಅಲ್ಲೇನ್ರೀ, ಕೂಗಿ ಹೋಗಬೇಕು’ ಎಂದರು.